ಖಾರ ಕುಟ್ಟುವ ಗಿರಣಿ

ಬ್ಯಾಡಗಿಯಲ್ಲಿ ಅಪ್ಪನದು ಖಾರ ಕುಟ್ಟುವ ಗಿರಣಿ. ಕಬ್ಬಿಣದ ಒನಕೆಗಳು ದಿನವಿಡೀ ಕುಣಿಯುತ್ತಿದ್ದವು. ಮನೆಗೆ ಬಂದ ನೆಂಟರು ಸೀನುತ್ತಲೇ ಕ್ಷೇಮಸಮಾಚಾರ ಹೇಳಬೇಕಿತ್ತು. ಯುಗಾದಿಗೆ ಮುಂಚೆ ಹೆಂಗಸರು ಎಣ್ಣೆ ಸವರಿ ಒಣಗಿಸಿದ ಮೆಣಸಿನಕಾಯಿ ಹೊತ್ತು ತಂದು ಪಾಳಿ ಹಚ್ಚುತ್ತಿದ್ದರು. ಹಿಂದಿನವಳ ಖಾರ ತಮ್ಮದರಲ್ಲಿ ಬೆರೆಯಬಾರದೆಂದು ಒಬ್ಬೊಬ್ಬರೂ ಮೊದಲು ಒಂದು ಹಿಡಿ ಕಾಯಿ ಹಾಕಿ ಕುಟ್ಟಿಸಿ, ಒರಳು ಬಳಿಸುವರು. ಆ ಒಂದು ಹಿಡಿ ಗಿರಣಿಯವರಿಗೆ. ಆಮೇಲೆ ತಮ್ಮದು ಮುಗಿಯುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ.

ನಾನು ಹೈಸ್ಕೂಲಿನಲ್ಲಿದ್ದಾಗ, ತೊಂಬತ್ತರ ದಶಕದ ಆರಂಭದಲ್ಲಿ, ಕಂಪನಿಯ ಖಾರಪುಡಿ ಪಾಕೀಟು ನಮ್ಮ ಪೇಟೆಗೂ ಬಂತು. ಪಾಳಿ ಸಣ್ಣದಾಯಿತು. ಮೆಣಸಿನಕಾಯಿ ಊರಿಗೆ ಹೊರಗಿನ ಖಾರವೇ ಎಂದು ಅಪ್ಪ ಕೆರಳಿ ತಾನೇ ಪಾಕೀಟು ಮಾಡಲು ಹೊರಟ. ಶುದ್ಧ ಬ್ಯಾಡಗಿ ಕಾಯಿ, ಬೇರೇನೂ ಇಲ್ಲ. ರಾಣೇಬೆನ್ನೂರು ದಾಟಿ ದೂರದ ಊರುಗಳ ಅಂಗಡಿಗಳಿಗೆ ಒಯ್ದು ಕೊಟ್ಟ. ತಿಂಗಳೊಳಗೆ ಎಲ್ಲ ವಾಪಸು. ನಮ್ಮ ಕಾಯಿಗೆ ಕೆಂಪು ಹೆಚ್ಚು, ಖಾರ ಕಡಿಮೆ. ನಮಗೆ ಅದೇ ಹೆಮ್ಮೆ, ದೂರದವರಿಗೆ ಅದೇ ಅನುಮಾನ. ಇಷ್ಟು ಕೆಂಪಗಿದ್ದೂ ಬಾಯಿ ಉರಿಯದಿದ್ದರೆ ಬಣ್ಣ ಕಲಸಿದ್ದೇ ಖರೆ ಎಂದರಂತೆ. ಆ ಮಾತು ಅಪ್ಪನಿಗೆ ಬಹಳ ಹತ್ತಿತು.

ಆಮೇಲೆ ಅವನು ಮಾಡಿದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಹೊರಗಿನ ಉರಿಖಾರದ ಕಾಯಿ ತರಿಸಿ ಅರ್ಧಕ್ಕರ್ಧ ಬೆರೆಸಿದ. ಕೆಂಪು ಮಂಕಾಯಿತು, ಪಾಕೀಟು ಮಾರಿಹೋದವು. ಆದರೆ ಹೊರಗಿನ ಕಾಯಿಯ ಚೀಲಗಳು ಗಿರಣಿ ಮುಂದೆ ಇಳಿದು ಅದೇ ಒರಳಿಗೆ ಬಿದ್ದದ್ದನ್ನು ಪಾಳಿಯಲ್ಲಿದ್ದ ಹೆಂಗಸರು ಕಂಡರು. ಯಾರೂ ಜಗಳ ತೆಗೆಯಲಿಲ್ಲ. ಒರಳು ಬಳಿಸಲು ಒಂದು ಹಿಡಿ ಹಾಕುತ್ತಿದ್ದವರು ಎರಡು ಹಾಕಿದರು, ಮೂರು ಹಾಕಿದರು, ಕಡೆಗೆ ಬರುವುದನ್ನೇ ಬಿಟ್ಟರು. ಅಷ್ಟರಲ್ಲಿ ಕಂಪನಿಯ ಪಾಕೀಟು ಇನ್ನೂ ಅಗ್ಗವಾಗಿ ಅಪ್ಪನದನ್ನು ಕೇಳುವವರೂ ಇಲ್ಲವಾದರು.

ಮುಂದಿನ ಯುಗಾದಿ ಹತ್ತಿರ ಒಂದು ಮಧ್ಯಾಹ್ನ ಅವ್ವ ಡಬ್ಬಿ ತುಂಬ ಹೊಸ ಖಾರ ಹಿಡಿದು ಹೊರಗಿನಿಂದ ಬಂದಳು. ನಮ್ಮ ಗಿರಣಿ ಬೆಳಗಿನಿಂದ ಸದ್ದು ಮಾಡಿರಲಿಲ್ಲ. ಅಪ್ಪ ಡಬ್ಬಿ ನೋಡಿ, ಎಲ್ಲಿ ಕುಟ್ಟಿಸಿದೆ ಎಂದು ಕೇಳಿದ.

"ಸ್ಟೇಷನ್ ಹತ್ರದ ಗಿರಣ್ಯಾಗ್ರಿ," ಅಂದಳು ಅವ್ವ. "ಮಕ್ಕಳು ಉಣ್ಣೂ ಖಾರ ಐತಿ."

ನನಗೆ ಭಯವಾಯಿತು. ಊಟಕ್ಕೆ ಕೂತಾಗ ಅಪ್ಪ ಆ ಖಾರ ಹಾಕಿದ ಬದನೆಕಾಯಿ ಪಲ್ಯವನ್ನೇ ಎರಡು ಸಲ ಕೇಳಿ ಹಾಕಿಸಿಕೊಂಡ.