ಅಂಚೆಗೆ ಹಾಕದ ಅರ್ಧ ಕಾರ್ಡು

ನೀವು ಕೊಟ್ಟ ಆ ಕಾರ್ಡನ್ನು ನಾನು ಅಂಚೆಗೆ ಹಾಕಲಿಲ್ಲ. ಹರಿದು, ಸುಡುವ ಕಸದ ಚೀಲಕ್ಕೆ ತುರುಕಿದೆ. ನೀವು ತೀರಿಕೊಂಡು ಏಳು ತಿಂಗಳಾದ ಮೇಲೆ ಇದನ್ನು ನಿಮಗೇ ಬರೆಯುತ್ತಿದ್ದೇನೆ — ಇನ್ಯಾರಿಗೆ ಬರೆಯಲಿ?

ಹೋದ ವರ್ಷ ಸೆಪ್ಟೆಂಬರಿನ ಒಂದು ಶನಿವಾರ. ಜಪಾನಿನ ಹಮಾಮತ್ಸುವಿನ ಈ ಮನೆಯ ಕೊನೆಯ ಸಾಧಾರಣ ದಿನ. ನಾನು ದೋಸೆ ಹುಯ್ಯುತ್ತಿದ್ದೆ. ನೀವು ದ್ವೀಪದ ಮಠದಿಂದ ಬಂದ ಜೋಡಿ ಕಾರ್ಡನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಕೂತಿದ್ದಿರಿ. ಅರ್ಧ ಅವರ ಕರೆ, ಇನ್ನರ್ಧ ನಾವು ಹರಿದು ವಾಪಸು ಕಳಿಸಬೇಕಾದ ಉತ್ತರ.

ಆರು ವರ್ಷ ನಿಮ್ಮ ಭಾನುವಾರಗಳೆಲ್ಲ ಆ ಮಠದ ಚರಿತ್ರೆ ಬರೆಯಲು ದ್ವೀಪಕ್ಕೇ ಹೋದವು. ವಾರವಿಡೀ ಕಾರ್ಖಾನೆಯಲ್ಲಿ ಬೈಕಿನ ಎಂಜಿನ್, ಭಾನುವಾರ ಏಳುನೂರು ವರ್ಷ ಹಿಂದಿನ ಭಿಕ್ಷುಗಳು. ಬಿರುಗಾಳಿಯಲ್ಲಿ ದೋಣಿಗಳಿಗೆ ದಾರಿ ತೋರಲು ಬಂಡೆಯ ಮೇಲೆ ಬೆಂಕಿ ಹಾಕುತ್ತಿದ್ದವರು. ದಡಕ್ಕೆ ಬಿದ್ದವನು ಯಾರೆಂದು ಕೇಳದೆ ಗಂಜಿ ಕೊಡುತ್ತಿದ್ದವರು. ಕೊನೆಗೆ ಸಾಮಂತರ ಯುದ್ಧಗಳ ಕಾಲದಲ್ಲಿ ಆ ಮಠವೇ ಸುಟ್ಟುಹೋಯಿತು. ಕಡಲ್ಗಳ್ಳರು ಸುಟ್ಟರೆಂದು ದ್ವೀಪದವರ ಮಾತು. ಮಠ ಕಳ್ಳರ ಕೋಟೆಯಾಗಬಾರದೆಂದು ಭಿಕ್ಷುಗಳೇ ಬೆಂಕಿಯಿಟ್ಟರೆಂದು ನಿಮ್ಮ ಗುಮಾನಿ. ಅದಕ್ಕೆ ಉತ್ತರ ಇದ್ದದ್ದು ಒಂದೇ ಕಡೆ — ಆಗ ಉಳಿಸಿಕೊಂಡು, ಮತ್ತೆ ಕಟ್ಟಿದ ಮಠದಲ್ಲಿಟ್ಟ ಮರದ ವಿಗ್ರಹದ ಬೆನ್ನಿನ ಬರಹದಲ್ಲಿ. ವಿಗ್ರಹದ ಗೂಡಿನ ಬಾಗಿಲು ತೆರೆಯುವುದು ಮೂವತ್ತಮೂರು ವರ್ಷಕ್ಕೊಮ್ಮೆ, ಒಂದೇ ದಿನ. ಫೋಟೋ ತೆಗೆಯುವಂತಿಲ್ಲ. ಹಳೆಯ ಲಿಪಿ ಕಲಿತ ನೀವು ವಿಗ್ರಹದ ಹಿಂದೆ ಹೋಗಿ ಓದಲು ಹಿರಿಯ ಗುರುಗಳು ಒಪ್ಪಿದ್ದರು. ನಿಮಗಿಂತ ಮೊದಲು ಯಾರೂ ಕೇಳಿರಲಿಲ್ಲವಂತೆ.

ಆ ದಿನ ಬಂದದ್ದು ನವೆಂಬರಿನ ಒಂದು ಭಾನುವಾರ. ಅದೇ ಭಾನುವಾರ ಯೋಕೋಹಾಮಾದಲ್ಲಿ ಕನ್ನಡದವರ ಕೂಟ. ನಮ್ಮ ಸಿರಿಯ ಹಾಡು.

"ರೀ, ಮಗಳು ಸ್ಟೇಜ್ ಹತ್ತೋ ದಿನ ನೀವು ಅಲ್ಲಿ ಹೋಗಿ ಕೂತ್ಕೋತೀರಾ?"

"ಅವಳು ಮುಂದಿನ ವರ್ಷಾನೂ ಹಾಡ್ತಾಳೆ ಕಣೇ. ಇದು ಮಿಸ್ ಆದ್ರೆ ನೆಕ್ಸ್ಟ್ ಟೈಮ್ ನನಗೆ ಎಪ್ಪತ್ತೊಂಬತ್ತು. ವಿಗ್ರಹಾನೇ ನನ್ನ ನೋಡಿ, ಯಾರಪ್ಪಾ ಈ ಮುದುಕ ಅನ್ನುತ್ತೆ."

"ಹಾಗಾದ್ರೆ ಆ ಸನ್ಯಾಸಿಗಳ ಜೊತೆನೇ ಸಂಸಾರ ಮಾಡಿ."

ಸಿರಿ ಫೋನಿನಿಂದ ತಲೆ ಎತ್ತಲಿಲ್ಲ. "ಇಟ್ಸ್ ಓಕೆ ಅಪ್ಪಾ, ದೈಜೋಬು. ಅಮ್ಮ ವಿಲ್ ಟೇಕ್ ವಿಡಿಯೋ."

ಹನ್ನೆರಡು ವರ್ಷದವಳು ಬಿಟ್ಟುಕೊಟ್ಟಳು. ನಾನು ಬಿಟ್ಟುಕೊಡಲಿಲ್ಲ. ಹಾಲು ತರಲು ಕೊಂಬಿನಿ ಅಂಗಡಿಗೆ ಹೊರಟ ನನ್ನ ಕೈಗೆ ನೀವು, ಬರುತ್ತೇನೆಂದು ಬರೆದ ಉತ್ತರದ ಅರ್ಧವನ್ನು ಕೊಟ್ಟಿರಿ. ಅಂಚೆಪೆಟ್ಟಿಗೆ ಅಂಗಡಿಯ ಬಾಗಿಲಲ್ಲೇ ಇತ್ತು. ಅದರ ಮುಂದೆ ನಿಂತೆ — ಮರೆತೆ ಎಂದು ಹೇಳಿಕೊಳ್ಳಲು ಕೂಡ ದಾರಿಯಿಲ್ಲ, ಅಷ್ಟು ಹೊತ್ತು ನಿಂತಿದ್ದೆ.

ಗಡುವು ಕಳೆಯಿತು. ಮಠದಿಂದ ಬರಬೇಕಿದ್ದ ಪ್ರವೇಶದ ಚೀಟಿ ಬರಲಿಲ್ಲ. "ಒಂದ್ ಫೋನ್ ಮಾಡಿ ಕೇಳ್ಲಾ?" ಎಂದು ನನ್ನನ್ನೇ ಕೇಳಿದಿರಿ.

"ಬೇಡ ರೀ. ಇಲ್ಲಿಯವರು ಬಾಯಿಬಿಟ್ಟು ಬೇಡ ಅನ್ನಲ್ಲ, ನಿಮಗೇ ಗೊತ್ತಲ್ಲ. ಎಷ್ಟೇ ಆದ್ರೂ ನಾವು ಹೊರಗಿನವರು."

ಹದಿನಾಲ್ಕು ವರ್ಷ ಈ ದೇಶದಲ್ಲಿ ದುಡಿದು ನೀವು ಕಲಿತಿದ್ದಿರಿ — ಉತ್ತರ ಬಾರದಿದ್ದರೆ ಅದೇ ಉತ್ತರ, ಮತ್ತೆ ಕೇಳುವುದು ಒರಟುತನ. ಆ ಕಲಿಕೆಯನ್ನೇ ನಿಮ್ಮ ಕುತ್ತಿಗೆಗೆ ಚೂರಿಯಂತೆ ಹಿಡಿದೆ. ನೀವು "ಹೌದು" ಎಂದಿರಿ. ಅಷ್ಟೇ. ಯೋಕೋಹಾಮಾಕ್ಕೆ ಬಂದಿರಿ, ಮಗಳಿಗೆ ಚಪ್ಪಾಳೆ ತಟ್ಟಿದಿರಿ, ಬಿಸಿಬೇಳೆಭಾತ್ ತಿಂದಿರಿ. ಆಮೇಲೆ ಒಂದು ಸಾಲನ್ನೂ ಬರೆಯಲಿಲ್ಲ. ಆರು ವರ್ಷ ನಿಮ್ಮನ್ನು ತಮ್ಮವರಂತೆ ನೋಡಿಕೊಂಡ ಜನ ಕೊನೆಗೆ ಬಾಗಿಲು ಮುಚ್ಚಿದರೆಂದೇ ನಂಬಿಕೊಂಡು, ಮಾರ್ಚಿನಲ್ಲಿ, ಕೆಲಸದ ಜಾಗದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಬಿದ್ದಿರಿ.

ನಿಮ್ಮ ಮೇಲೂ ಸಿಟ್ಟಿದೆ. ಯಾಕೆ ಅಷ್ಟು ಬೇಗ ನಂಬಿದಿರಿ? ಯಾಕೆ ಮೇಜು ಗುದ್ದಲಿಲ್ಲ? ಛೇ — ನಿಮ್ಮನ್ನು ಏನು ಕೇಳುವುದು. ನೀವು ಹೋದ ಮೇಲೆ ಮಾತಾಡಿಸಲು ಬಂದ ಗೆಳತಿಯೊಬ್ಬಳು, "ಅವರ ಹಾಬಿಗೆ ನೀನೆಷ್ಟು ಸಪೋರ್ಟ್ ಮಾಡ್ದೆ" ಎಂದು ನನ್ನ ಕೈ ಸವರಿದಳು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು. "ಹೂಂ" ಅಂದೆ.

ಆಗಸ್ಟಿನಲ್ಲಿ ಮಠವನ್ನು ನೋಡಿಕೊಳ್ಳುವ ಮೊರಿತಾ ಸಾನ್ ಊದುಬತ್ತಿ ಹಿಡಿದು ಬಂದರು. ನಿಮ್ಮ ಫೋಟೋದ ಮುಂದೆ ಕೂತು ಹೇಳಿದರು: "ಆ ದಿನ ಅವರ ಆಸನ ಹಾಕಿಟ್ಟಿದ್ದೆವು. ಗುರುಗಳು ಬಾಗಿಲು ಮುಚ್ಚಲು ತಡ ಮಾಡಿದರು. ಉತ್ತರ ಬರಲಿಲ್ಲ, ಕೆಲಸದ ಒತ್ತಡವಿರಬೇಕು, ಫೋನ್ ಮಾಡಿ ಮುಜುಗರ ಕೊಡಬಾರದು ಅಂದುಕೊಂಡೆವು. ಸುಮಿಮಾಸೆನ್." ಎಪ್ಪತ್ತು ದಾಟಿದ ಆ ಹೆಂಗಸು ನನಗೆ — ನನಗೆ! — ಹಣೆ ನೆಲಕ್ಕೆ ಮುಟ್ಟಿಸಿ ಕ್ಷಮೆ ಕೇಳಿದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಚಹಾ ಕೊಟ್ಟೆ.

ನಿನ್ನೆ ಅವರಿಗೆ ಪತ್ರ ಬರೆದು, ಎಲ್ಲ ಹೇಳಿ, ನಾನೇ ಹೋಗಿ ಅಂಚೆಗೆ ಹಾಕಿದೆ. ಸಿರಿಗೂ ಹೇಳಿದೆ. ಅವಳು ಕೇಳಿದ್ದು ಒಂದೇ, ಅದೂ ಕನ್ನಡದಲ್ಲಿ:

"ಅಪ್ಪಂಗೆ ಗೊತ್ತಿತ್ತಾ?"

"ಇಲ್ಲ."

ಎದ್ದು ತನ್ನ ಕೋಣೆಗೆ ಹೋದಳು. ಇನ್ನೂ ಮಾತಾಡಿಲ್ಲ. ಮಾತಾಡು ಎಂದು ನಾನು ಕೇಳುವುದಿಲ್ಲ.

ನಿಮ್ಮ ಕಡತವನ್ನು ಮೊರಿತಾ ಸಾನ್‌ಗೆ ಒಪ್ಪಿಸುತ್ತೇನೆ. ಇನ್ನೂರ ಹನ್ನೊಂದು ಪುಟಗಳಿವೆ. ಮಠಕ್ಕೆ ಬೆಂಕಿಯಿಟ್ಟವರು ಯಾರೆಂಬುದು ಅದರಲ್ಲಿ ಇಲ್ಲ.