ಮೈ ನಮ್ಮದು, ಕಾಲು ಕಂಪನಿಯದು

ನಾನು ಅವರನ್ನು ಮೊದಲು ಕಂಡದ್ದು ನಮ್ಮ ಮನೆಯ ಗೋಡೆಗಡಿಯಾರ ನಿಂತುಹೋದ ದಿನ. ನಿವೃತ್ತನಾಗಿ ಹೆಚ್ಚು ಕಾಲ ಆಗಿರಲಿಲ್ಲ. ಶಾಲೆಯ ಗಂಟೆ ಹೇಗೂ ತಪ್ಪಿತ್ತು, ಮನೆಯ ಗಡಿಯಾರವೂ ಸುಮ್ಮನಾದರೆ ಹೊತ್ತು ಕಳೆಯುವುದು ಹೇಗೆಂದು ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಹೊರಟೆ. ಅವರ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡು. ಒಳಗೆ ಅವರೊಬ್ಬರು ಕುಳಿತರೆ ಮುಗಿಯಿತು, ಗಿರಾಕಿ ಬೀದಿಯಲ್ಲೇ ನಿಲ್ಲಬೇಕು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿದ್ದವರು ತಲೆಯೆತ್ತದೆಯೇ "ಇಡಿ ಅಲ್ಲಿ, ನಾಳೆ ಬನ್ನಿ" ಎಂದರು.

ಮೇಜಿನ ಮೇಲೆ ಬಿಚ್ಚಿದ ಗಡಿಯಾರಗಳ ನಡುವೆ ಒಂದು ವಿಚಿತ್ರ ಚಕ್ರ ಕಂಡಿತು. ಹಲ್ಲುಗಳಿಲ್ಲ, ನಡುವಿನಿಂದ ಅಂಚಿಗೆ ಹೋಗುವ ಕಡ್ಡಿಗಳು ಮಾತ್ರ ಇವೆ. ಅಂಚಿನಲ್ಲಿ ತೆಳುವಾದ ಒಂದು ಏಣು.

"ಇದು ಯಾವ ಗಡಿಯಾರದ್ದು?" ಎಂದು ಕೇಳಿದೆ.

ಆಗ ತಲೆಯೆತ್ತಿದರು. "ಗಡಿಯಾರದ್ದಾಗಿದ್ರೆ ಹೊತ್ತಿಗೆ ಸರಿಯಾಗಿ ತಿರುಗ್ತಿತ್ತಲ್ಲ ಸ್ವಾಮಿ. ಇದು ರೈಲಿಂದು."

ನನ್ನ ಗಡಿಯಾರ ಆ ನಾಳೆ ಸಿಕ್ಕಲಿಲ್ಲ, ಅದರ ಮರುದಿನವೂ ಸಿಕ್ಕಲಿಲ್ಲ. ಹೋದಾಗಲೆಲ್ಲ ರೈಲಿನ ಮಾತು ಬೆಳೆಯಿತು. ಕೊನೆಗೆ ಗಡಿಯಾರ ಕೈಗೆ ಬರುವ ಹೊತ್ತಿಗೆ ನಾನು ಅವರ ಮಾದರಿ ರೈಲು ಸಂಘದ ಸದಸ್ಯನಾಗಿದ್ದೆ. ಸಂಘದಲ್ಲಿ ಅವರಿಗೆ ಇಟ್ಟಿದ್ದ ಹೆಸರೇ 'ನಾಳೆಬನ್ನಿ'. ಎದುರಿಗೇ ಹಾಗೆ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು.

ಸಂಘವೆಂದರೆ ದೊಡ್ಡ ಸಭೆಯೇನೂ ಅಲ್ಲ. ಒಂದು ಹಳೆಯ ಗೋದಾಮಿನ ಮಹಡಿಯ ಕೋಣೆ, ಅದರ ತುಂಬ ಒಂದು ಮೇಜು. ಮೇಜಿನ ಮೇಲೆ ಬೆರಳಗಲದ ಹಳಿಗಳು, ಸೇತುವೆ, ಸುರಂಗ, ಒಂದು ನಿಲ್ದಾಣ. ಶನಿವಾರ ಸಂಜೆ ಅಲ್ಲಿ ಸೇರುತ್ತಿದ್ದವರಲ್ಲಿ ಮುಖ್ಯರು ಇಬ್ಬರು. ಒಬ್ಬರು ಔಷಧದಂಗಡಿ ನಡೆಸುವ ಮೇಡಂ. ಒಂದು ಮೊಳೆ ಹೆಚ್ಚುಕಡಿಮೆಯಾದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಇನ್ನೊಬ್ಬರು ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದವರು. "ಜೀವಮಾನವೆಲ್ಲ ಬಸ್ಸಲ್ಲಿ ನಿಂತು ನಿಂತು ಸಾಕಾಗಿದೆ ಮೇಷ್ಟ್ರೆ, ಇಲ್ಲಿ ಕೂತ್ಕೊಂಡು ರೈಲು ನೋಡ್ತೀನಿ" ಎನ್ನುವರು. ಕೋಣೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, "ಒಳಗೆ ಹೋಗಿ, ಒಳಗೆ ಹೋಗಿ" ಎಂಬ ಕೂಗು ತಾನಾಗಿ ಬರುತ್ತಿತ್ತು.

ನಾಳೆಬನ್ನಿಯವರು ಕಟ್ಟುತ್ತಿದ್ದದ್ದು ಒಂದೇ ಎಂಜಿನ್ನು. ಅದರ ಹಿಂದೆ ಅವರ ಅಕ್ಕನ ಕಥೆಯಿತ್ತು. ತಾಯಿ ಬೇಗ ತೀರಿಕೊಂಡಿದ್ದರಿಂದ ಅವರನ್ನು ಎತ್ತಿ ಆಡಿಸಿ ಬೆಳೆಸಿದವರು ಅಕ್ಕ. ಈಗ ಇಬ್ಬರಿಗೂ ತಲೆ ನೆರೆತಿದೆ; ಅಂಗಡಿಯ ಹಿಂದಿನ ಎರಡು ಕೋಣೆಗಳಲ್ಲಿ ಅಕ್ಕ ತಮ್ಮ ಇಬ್ಬರದೇ ಸಂಸಾರ. ಅಕ್ಕನ ಗಂಡ, ಎಂದರೆ ಇವರ ಭಾವ, ಒಂದು ಸಣ್ಣ ಮಾರ್ಗದಲ್ಲಿ ಉಗಿ ಎಂಜಿನ್ನಿನ ಚಾಲಕರಾಗಿದ್ದರು. ಆ ಮಾರ್ಗ ಮುಚ್ಚಿತು, ಎಂಜಿನ್ನು ಗುಜರಿಗೆ ಹೋಯಿತು, ಕೆಲವು ವರ್ಷಗಳಲ್ಲಿ ಭಾವನೂ ಹೋದರು. ಒಂದು ದಿನ ಅಕ್ಕ ಮಾತಿಗೆ ಮಾತು ಬಂದು, "ಆ ಗಾಡಿ ಓಡೋದನ್ನ ಇನ್ನೊಂದು ಸಲ ನೋಡ್ಬೇಕು ಅನ್ಸುತ್ತೆ ಕಣೋ" ಎಂದರಂತೆ. "ನಾನು ತೋರಿಸ್ತೀನಿ ಬಿಡು" ಎಂದು ಇವರು ಮಾತು ಕೊಟ್ಟುಬಿಟ್ಟರು.

ಹಿತ್ತಾಳೆಯ ತಗಡನ್ನು ಕತ್ತರಿಸಿ, ಬಗ್ಗಿಸಿ, ಬೆಸೆದು ಮಾಡಿದ ಆ ಎಂಜಿನ್ನಿನ ಮೈಯನ್ನು ನಾನು ಅಂಗೈಯಲ್ಲಿಟ್ಟು ನೋಡಿದ್ದೇನೆ. ಚಾಲಕನ ಕಿಟಕಿಯ ಅಂಚಿನಲ್ಲಿ ಒಂದು ತಗ್ಗು ಕೂಡ ಇತ್ತು. ಭಾವ ಮೊಣಕೈಯೂರಿ ಊರಿ ಆಗಿದ್ದ ತಗ್ಗು ಅದೆಂದು ಹೇಳಿದರು. ತೊಡಕಿದ್ದದ್ದು ಕೆಳಗೆ. ಗಾಲಿಗಳನ್ನು ಒಂದಕ್ಕೊಂದು ಹೊಂದಿಸುವ ಕಡ್ಡಿಗಳು, ಕೂದಲೆಳೆಯಂಥ ಮೊಳೆಗಳು. ಎಲ್ಲ ಜೋಡಿಸಿ ಕರೆಂಟು ಕೊಟ್ಟರೆ ಅರ್ಧ ಸುತ್ತು ತಿರುಗಿ ಕಚ್ಚಿಕೊಂಡು ನಿಲ್ಲುತ್ತಿತ್ತು. ಬಿಚ್ಚುವರು, ಮತ್ತೆ ಕಟ್ಟುವರು. ವರ್ಷಗಳು ಹೀಗೆಯೇ ಕಳೆದಿದ್ದವು. ಅಕ್ಕ ಎಂದೂ ಒತ್ತಾಯಿಸಲಿಲ್ಲ. ಊಟಕ್ಕೆ ಕರೆಯುವಾಗ ಮಾತ್ರ "ಗಾಡಿ ಹೊರಡ್ತೇನೋ, ಇಲ್ಲ ಸಿಗ್ನಲ್ ಸಿಕ್ಕಿಲ್ವೋ?" ಎನ್ನುವರು. ಇವರ ಉತ್ತರ ಗೊತ್ತೇ ಇದೆಯಲ್ಲ.

ರೈಲಿನ ಹುಚ್ಚಿನವರಿಗೆ ವರ್ಷಕ್ಕೊಂದು ದೊಡ್ಡ ದಿನವಿದೆ. ಮಾದರಿ ರೈಲು ತಯಾರಿಸುವ ಕಂಪನಿ ಮುಂದಿನ ವರ್ಷದ ಹೊಸ ಎಂಜಿನ್ನುಗಳನ್ನು ಪ್ರಕಟಿಸುವ ದಿನ. ಅಂದು ಮೇಡಂ ತಮ್ಮ ಫೋನಿನಲ್ಲಿ ಒಂದೊಂದೇ ಚಿತ್ರ ತೋರಿಸುವರು, ಉಳಿದವರು ಪಂಚಾಯಿತಿ ಮಾಡುವರು. ಇಂಥ ಸಂಘಗಳಲ್ಲಿ ಒಂದು ಹಳೆಯ ಹೆದರಿಕೆಯೂ ಇದೆ: ನೀವು ಯಾವ ಎಂಜಿನ್ನನ್ನು ವರ್ಷಗಟ್ಟಲೆ ಕೂತು ಕೈಯಿಂದ ಮಾಡುತ್ತಿರುತ್ತೀರೋ, ಕಂಪನಿಯವರು ಒಂದು ದಿನ ಅದನ್ನೇ ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ ಎಂದು.

ಆ ವರ್ಷದ ಪ್ರಕಟಣೆಯ ಸಂಜೆ ನಾಳೆಬನ್ನಿಯವರು ಬಂದಿರಲಿಲ್ಲ. ಅಕ್ಕನಿಗೆ ಹಲ್ಲು ತೆಗೆಸಲು ಹೋಗಿದ್ದರು.

ಮೊದಲು ಬಂದದ್ದು ಒಂದು ಡೀಸೆಲ್ಲು. "ಇದು ಹೋದ ವರ್ಷದ್ದೇ ಅಲ್ವೇ? ಹಳೇ ಅಳಿಯನಿಗೆ ಹೊಸ ಅಂಗಿ ಹಾಕಿ ಕಳಿಸಿದ್ದಾರೆ" ಎಂದರು ಕಂಡಕ್ಟರು.

"ಅಂಗಿನೂ ಸರಿಯಾಗಿಲ್ಲ. ಆ ಹಳದಿ ಪಟ್ಟಿ ಇಷ್ಟು ಅಗಲ ಇರಲಿಲ್ಲ" ಎಂದರು ಮೇಡಂ.

"ದೂರದಿಂದ ನೋಡಿದ್ರೆ ಯಾರು ಕೇಳ್ತಾರೆ?"

"ನಾನು ಕೇಳ್ತೀನಿ."

ಹೀಗೆ ನಗುತ್ತ ಜಗಳವಾಡುತ್ತ ಸಾಗಿ ಕೊನೆಯ ಚಿತ್ರಕ್ಕೆ ಬಂದೆವು. ಮೇಡಂ ಬೆರಳಾಡಿಸಿದವರು ಹಾಗೆಯೇ ನಿಂತರು. ಪುಟ್ಟ ಉಗಿ ಎಂಜಿನ್ನು, ಗಿಡ್ಡ ಕೊಳವೆ, ಇಳಿಜಾರಾದ ಮುಂಗಡೆ. ಯಾರೂ ಅದರ ಹೆಸರು ಓದಬೇಕಾಗಿರಲಿಲ್ಲ. ಅದರ ಮೈಯನ್ನು ನಾವೆಲ್ಲರೂ ಹಿತ್ತಾಳೆಯಲ್ಲಿ ಮುಟ್ಟಿ ನೋಡಿದ್ದೆವು.

"ಮುಗೀತು ಕಥೆ" ಎಂದರು ಕಂಡಕ್ಟರು, ಮೆಲ್ಲಗೆ.

"ಅವರಿಗೆ ಹೇಳೋದು ಬೇಡ" ಎಂದರು ಮೇಡಂ. "ಎದೆ ಒಡೆದುಹೋಗುತ್ತೆ. ಅವರದು ಮುಗಿಯೋವರೆಗೂ ಬಾಯಿ ಬಿಡಬಾರದು."

"ಅವರದು ಮುಗಿಯೋದಾ? ಅಷ್ಟರಲ್ಲಿ ಕಂಪನಿಯೇ ಮುಗಿದಿರುತ್ತೆ."

ಆದರೂ ಒಪ್ಪಿದೆವು. ಅವರ ಹತ್ತಿರ ಇದ್ದದ್ದು ಬರೀ ಮಾತಾಡುವ ಹಳೆಯ ಫೋನು; ನಾವು ಹೇಳದಿದ್ದರೆ ಅವರಿಗೆ ತಿಳಿಯುವ ದಾರಿಯಿರಲಿಲ್ಲ.

ಮುಂದಿನ ಶನಿವಾರ ಅವರು ಬಾಗಿಲಲ್ಲೇ ಕೇಳಿದರು. "ಏನೇನು ಬಂತು ಈ ಸಲ?"

ಕಂಡಕ್ಟರಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿತು. ನಾನು ಸೇತುವೆಯ ಧೂಳು ಒರೆಸತೊಡಗಿದೆ. "ಡೀಸೆಲ್ಲು. ಬರೀ ಡೀಸೆಲ್ಲು" ಎಂದರು ಮೇಡಂ.

"ಉಗಿ ಎಂಜಿನ್ನು ಒಂದೂ ಇಲ್ವಾ?"

"ಇತ್ತು... ಅಂದ್ರೆ, ಇಲ್ಲ."

"ಫೋನಲ್ಲಿ ತೋರಿಸಿ, ನೋಡೋಣ."

"ಚಾರ್ಜಿಲ್ಲ" ಎಂದರು ಮೇಡಂ. ಎಂದೂ ಸುಳ್ಳಾಡದ ಅವರ ಕಿವಿ ಕೆಂಪಾಗಿತ್ತು. ಅದೇ ಗಳಿಗೆಯಲ್ಲಿ ಫೋನು ಅವರ ಚೀಲದೊಳಗಿಂದ ಜೋರಾಗಿ ಹಾಡತೊಡಗಿತು. ಕಂಡಕ್ಟರ ಕೆಮ್ಮು ಇನ್ನೂ ಹೆಚ್ಚಾಯಿತು.

ನಾಳೆಬನ್ನಿಯವರು ನಗಲಿಲ್ಲ. ಸ್ಟೂಲಿನ ಮೇಲೆ ಕುಳಿತು, "ಈ ಸಲಾನೂ ಇಲ್ಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಒಂದು ಗಾಡಿಯನ್ನೂ ಓಡಿಸದೆ ಎದ್ದು ಹೋದರು.

"ಅನುಮಾನ ಬಂದಿದೆ" ಎಂದರು ಮೇಡಂ. "ಬೇರೆಯವರ ಬಾಯಿಂದ ಗೊತ್ತಾದ್ರೆ ನಮ್ಮ ಮುಖ ನೋಡಲ್ಲ ಅವರು."

ಕಂಡಕ್ಟರು ನನ್ನ ಕಡೆ ತಿರುಗಿದರು. "ಮೇಷ್ಟ್ರೆ, ನೀವೇ ಹೋಗಿ ಹೇಳ್ಬೇಕು. ಫೇಲಾದ ಮಕ್ಕಳಿಗೆ ಹೇಳಿ ಅಭ್ಯಾಸ ಇದೆ ನಿಮಗೆ."

ಮರುದಿನ ಬೆಳಗ್ಗೆ ಹೋದೆ. ಅಂಗಡಿಯ ಬಾಗಿಲು ಹಾಕಿತ್ತು. ಹಿಂದಿನ ಕೋಣೆಯಿಂದ ಮಾತು ಕೇಳಿಸಿತು. ಇಣುಕಿ ನೋಡಿದರೆ ಅಕ್ಕ ಒಂದು ಹಗ್ಗದ ತುದಿಗೆ ಅಯಸ್ಕಾಂತ ಕಟ್ಟಿಕೊಂಡು ನೆಲದ ಮೇಲೆಲ್ಲ ಎಳೆದಾಡುತ್ತಿದ್ದಾರೆ. ನಾಳೆಬನ್ನಿಯವರು ಕಿಟಕಿಯ ಬಳಿ ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದಾರೆ.

"ಬನ್ನಿ ಮೇಷ್ಟ್ರೆ, ನೋಡ್ಕೊಂಡು ಕಾಲಿಡಿ" ಎಂದರು ಅಕ್ಕ. "ಒಂದು ಮೊಳೆ ಬಿದ್ದಿದೆ. ಇವನು ಬೀಳಿಸೋದು, ನಾನು ಹುಡುಕೋದು. ಈ ಹುಡುಗ ಸಣ್ಣವನಿದ್ದಾಗ ಗೋಲಿ ಹುಡುಕಿ ಕೊಡ್ತಿದ್ದೆ, ಈಗ ಇದು."

ನಾನು ಕುಳಿತೆ. ನಾಳೆಬನ್ನಿಯವರು ಚಿಮುಟ ಕೈಗೆತ್ತಿಕೊಂಡು ಇನ್ನೊಂದು ಮೊಳೆಯನ್ನು ಹಿಡಿದು ತೋರಿಸಿದರು. ಚಿಮುಟದ ತುದಿ ಗಾಳಿಗೆ ಸಿಕ್ಕ ಹುಲ್ಲಿನಂತೆ ನಡುಗುತ್ತಿತ್ತು.

"ಕೈ ಮಾತು ಕೇಳ್ತಿಲ್ಲ ಮೇಷ್ಟ್ರೆ. ಈ ಎರಡು ವರ್ಷದಿಂದ ಹೀಗೆ. ಸಣ್ಣ ವಾಚು ಬಂದ್ರೆ ಬೇರೆ ಅಂಗಡಿಗೆ ಕಳಿಸ್ತಿದ್ದೀನಿ, ನಾನು ಬರೀ ಬೆಲ್ಟು, ಬ್ಯಾಟರಿ. ಅದಕ್ಕೇನೂ ಬೇಜಾರಿಲ್ಲ. ಇದೊಂದು ಆಗ್ಬೇಕಿತ್ತು." ಅಕ್ಕನಿಗೆ ಕೇಳಿಸದಂತೆ ದನಿ ತಗ್ಗಿಸಿದರು. "ನನ್ನ ಕೈಲಿ ಆಗಲ್ಲ ಅಂತ ಗೊತ್ತಾದ್ಮೇಲೆ, ಕಂಪನಿಯವರಾದ್ರೂ ಮಾಡಲಿ ಅಂತ ಕಾಯ್ತಿದ್ದೆ. ಸಂಘದಲ್ಲಿ ಹೇಳೋಕೆ ನಾಚಿಕೆ. ಇಷ್ಟು ವರ್ಷ ಎಲ್ಲರೂ ಬೆನ್ನು ತಟ್ಟಿದ್ದೀರಿ. ಈ ಸಲ ಬರುತ್ತೆ ಅನ್ಸಿತ್ತು. ಅದೂ ಇಲ್ಲ."

ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಇಡೀ ದಾರಿ ಕಟ್ಟಿಕೊಂಡು ಬಂದಿದ್ದ ಸಮಾಧಾನದ ಮಾತುಗಳೆಲ್ಲ ದಂಡವಾದವು. "ಬಂದಿದೆ" ಎಂದೆ.

"ಏನು?"

"ನಿಮ್ಮ ಭಾವನ ಎಂಜಿನ್ನೇ ಬಂದಿದೆ. ಕೊನೇ ಚಿತ್ರ ಅದೇ. ನಿಮಗೆ ನೋವಾಗುತ್ತೆ ಅಂತ ನಾವೇ ಮುಚ್ಚಿಟ್ಟೆವು."

ಅವರು ನನ್ನನ್ನೇ ನೋಡಿದರು. ಆಮೇಲೆ ಚಿಮುಟವನ್ನು ಮೇಜಿನ ಮೇಲಿಟ್ಟು, ಎರಡೂ ಕೈಗಳಿಂದ ಮುಖ ಉಜ್ಜಿಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಅಯ್ಯೋ ಪುಣ್ಯಾತ್ಮರಾ! ಒಂದು ವಾರ ನಿದ್ದೆ ಕೆಡಿಸ್ಕೊಂಡು ಕೂತ್ರಾ ನೀವು? ನಾನಿಲ್ಲಿ ಎಲ್ಲ ಹೋಯ್ತು ಅಂತ ಕೂತಿದ್ದೀನಿ!"

"ಏನಂತೆ?" ಎಂದು ಅಕ್ಕ ನೆಲದಿಂದಲೇ ಕೇಳಿದರು. ಹೇಳಿದೆ. ಅವರು ಅಯಸ್ಕಾಂತವನ್ನು ಕೈಬಿಟ್ಟು, ಗೋಡೆ ಹಿಡಿದು ಎದ್ದು ಸೊಂಟ ನೀವಿಕೊಂಡರು. "ಹಾಗಾದ್ರೆ ಇನ್ನು ನಾನು ನೆಲ ತಡಕೋದು ಬೇಡ. ದೇವರು ದೊಡ್ಡವನು."

ಕಂಪನಿಯ ಎಂಜಿನ್ನು ಬರಲು ಬಹಳ ತಿಂಗಳು ಹಿಡಿಯಿತು. ಈಗ ಕಂಡಕ್ಟರಿಗೆ ಬೇರೆ ಚಿಂತೆ. "ಹಾಗಾದ್ರೆ ಹಿತ್ತಾಳೆದು ಏನಾಗುತ್ತೆ? ಕಪಾಟು ಸೇರೋದಾ?" ಎಂದು ನನ್ನ ಕಿವಿಯಲ್ಲಿ ಮತ್ತೆಮತ್ತೆ ಕೇಳುತ್ತಿದ್ದರು. ನನಗೂ ಒಳಗೊಳಗೆ ಅದೇ ಕಳವಳವಿತ್ತು. ಸಂಘದವರೆಲ್ಲ ಸೇರಿ ತರಿಸಿದ ಆ ಡಬ್ಬಿಯನ್ನು ಬಿಚ್ಚಿದಾಗ ನಾಳೆಬನ್ನಿಯವರು ಮೊದಲು ಮಾಡಿದ ಕೆಲಸ ನೋಡಿ ಮೇಡಂ ಚೀರಿಬಿಟ್ಟರು. ಹೊಚ್ಚ ಹೊಸ ಎಂಜಿನ್ನನ್ನು ಬೋರಲು ಹಾಕಿ, ಕಂಡಕ್ಟರ ಕೈಗೆ ಸ್ಕ್ರೂಡ್ರೈವರ್ ಕೊಟ್ಟು, "ಬಿಚ್ಚಿ" ಎಂದರು.

ಮೈ ಕಳಚಿ ಬಂತು. ಗಾಲಿ, ಕಡ್ಡಿ, ಮೋಟಾರು ಎಲ್ಲ ಕೆಳಗೆ ಉಳಿದವು. ಅವರು ಚೀಲದಿಂದ ತಮ್ಮ ಹಿತ್ತಾಳೆಯ ಮೈಯನ್ನು ತೆಗೆದು ಅದರ ಮೇಲೆ ಇಳಿಸಿದರು. ಎಂಜಿನ್ನು ಒಂದೇ, ಅಳತೆಯೂ ಒಂದೇ; ಆದರೂ ಕೂರಲಿಲ್ಲ. ಒಳಗೆ ಗಟ್ಟಿಯಾಗಿರಲೆಂದು ಅವರು ಬೆಸೆದಿದ್ದ ಒಂದು ಪಟ್ಟಿ ಮೋಟಾರಿಗೆ ತಾಗುತ್ತಿತ್ತು.

"ಅರ ಕೊಡಿ" ಎಂದರು. ಕಂಡಕ್ಟರು ಮೈಯನ್ನು ಬಿಗಿಯಾಗಿ ಹಿಡಿದುಕೊಂಡರು, ಇವರು ಎರಡೂ ಕೈಯಿಂದ ಅರ ಹಿಡಿದು ಉಜ್ಜತೊಡಗಿದರು. ಉಜ್ಜುವುದು ತೋಳಿನ ಕೆಲಸ; ಬೆರಳ ನಡುಕ ಅಲ್ಲಿ ಲೆಕ್ಕಕ್ಕಿಲ್ಲ. ಹಿತ್ತಾಳೆಯ ಪುಡಿ ಮೇಜಿನ ಮೇಲೆ ಉದುರಿತು. ಇಳಿಸಿ ನೋಡುವರು, ಮತ್ತೆ ಉಜ್ಜುವರು. ಕೊನೆಗೊಮ್ಮೆ 'ಟಕ್' ಎಂಬ ಸಣ್ಣ ಸದ್ದಾಯಿತು. ಮೇಡಂ ಬಗ್ಗಿ ಸುತ್ತಲೂ ನೋಡಿದರು. ಅವರ ಬಾಯಿಂದ "ಸರಿಯಾಗಿದೆ" ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

"ಮೈ ನಮ್ಮದು, ಕಾಲು ಕಂಪನಿಯದು" ಎಂದು ಕಂಡಕ್ಟರು ಹಣೆಯ ಬೆವರು ಒರೆಸಿಕೊಂಡರು.

ಅಕ್ಕನನ್ನು ಮಹಡಿಗೆ ಹತ್ತಿಸಿದ್ದು ಅದರ ಮುಂದಿನ ಶನಿವಾರ. ಮೇಜಿನ ಮುಂದೆ ಕುರ್ಚಿ ಹಾಕಿದೆವು. ನಾಳೆಬನ್ನಿಯವರು ಗುಂಡಿ ತಿರುಗಿಸಿದರು. ಹಿತ್ತಾಳೆಯ ಎಂಜಿನ್ನು ನಿಲ್ದಾಣದಿಂದ ಮೆಲ್ಲನೆ ಕದಲಿತು, ಸೇತುವೆ ದಾಟಿತು, ಸುರಂಗ ಹೊಕ್ಕು ಹೊರಗೆ ಬಂತು. ಎಲ್ಲಿಯೂ ಕಚ್ಚಲಿಲ್ಲ. ನಾವೆಲ್ಲ ಅಕ್ಕನ ಮುಖವನ್ನೇ ನೋಡುತ್ತಿದ್ದೆವು.

ಅವರು ಗದ್ದಕ್ಕೆ ಕೈಕೊಟ್ಟು ಒಂದು ಸುತ್ತು ನೋಡಿದರು. "ನಿಮ್ಮ ಭಾವ ಇಷ್ಟು ನಿಧಾನ ಓಡಿಸ್ತಿರಲಿಲ್ಲ ಕಣೋ" ಎಂದರು. "ಸ್ವಲ್ಪ ಜೋರು ಮಾಡು."

ತಮ್ಮ ಜೋರು ಮಾಡಿದರು. ಅಕ್ಕ ಇನ್ನೊಂದು ಸುತ್ತು ನೋಡಿದರು, ಮತ್ತೊಂದು ನೋಡಿದರು. ಎದ್ದು ಹೊರಟಾಗ ಕತ್ತಲಾಗಿತ್ತು. ಮೆಟ್ಟಿಲಿಳಿಯುವಾಗ ತಮ್ಮನ ತೋಳು ಹಿಡಿದುಕೊಂಡು, "ಕಿಟಕಿಯ ತಗ್ಗು ಮರೆತಿಲ್ಲ ನೀನು" ಎಂದದ್ದು ಹಿಂದೆ ಬರುತ್ತಿದ್ದ ನನಗೆ ಕೇಳಿಸಿತು.

ಕಂಪನಿಯ ಮೈ ಈಗ ಅಕ್ಕನ ಕಪಾಟಿನಲ್ಲಿದೆ. ಅದರೊಳಗೆ ಗುಂಡಿ, ಸೂಜಿ ಇಟ್ಟಿದ್ದಾರೆ. ಅಂಗಡಿ ನಡೆಯುತ್ತಿದೆ. ಗೋಡೆಗಡಿಯಾರ, ಬೆಲ್ಟು, ಬ್ಯಾಟರಿ. ಗಿರಾಕಿಗಳಿಗೆ ಆಶ್ಚರ್ಯವಾಗುವಂತೆ ಎಲ್ಲ ಅಂದಂದಿಗೇ ಸಿಗುತ್ತದೆ. ಶನಿವಾರಗಳಲ್ಲಿ ನಾಳೆಬನ್ನಿಯವರು ಮೇಜಿನ ಹಿಂಬದಿಯ ಬೋಳು ಗುಡ್ಡಕ್ಕೆ ಹುಲ್ಲು ಬೆಳೆಸುತ್ತಿದ್ದಾರೆ. ಗುಡ್ಡಕ್ಕೆ ಅಂಟು ಬಳಿದು, ಹಸಿರು ಬಣ್ಣ ಹಾಕಿ ಒಣಗಿಸಿದ ಮರದ ಹೊಟ್ಟನ್ನು ಟೀ ಸೋಸುವ ಜಾಲರಿಯಲ್ಲಿ ತುಂಬಿ ಮೇಲೆ ಹಿಡಿಯುತ್ತಾರೆ. ನಮ್ಮ ಕೈಯಿಂದ ಅದು ಉಂಡೆಯುಂಡೆಯಾಗಿ ಬೀಳುತ್ತದೆ. ಅವರ ನಡುಗುವ ಕೈಯಿಂದ ಒಂದೇ ಸಮನೆ ಉದುರುತ್ತದೆ. ಕಂಡಕ್ಟರು ಒಮ್ಮೆ ಜಾಲರಿ ಕಿತ್ತುಕೊಂಡು ನೋಡಿ ಸೋತು ಹಿಂದಿರುಗಿಸಿದರು.

ಅಕ್ಕ ಕುರ್ಚಿಯಲ್ಲಿ ಕುಳಿತು ಬೆರಳು ತೋರಿಸುತ್ತಾರೆ. "ನೀರಿನ ತೊಟ್ಟಿ ಪಕ್ಕ ಒಂದು ಮರ ಇತ್ತು. ಅಲ್ಲಲ್ಲ, ಇನ್ನೂ ಈಚೆಗೆ. ಅದರ ನೆರಳಲ್ಲೇ ನಾನು ಬುತ್ತಿ ಹಿಡ್ಕೊಂಡು ನಿಲ್ತಿದ್ದದ್ದು." ನಾಳೆಬನ್ನಿಯವರು ಮರವನ್ನು ಕಿತ್ತು ಈಚೆಗೆ ನೆಟ್ಟು, ಜಾಲರಿಯನ್ನು ಅದರ ಮೇಲೆ ಹಿಡಿದು, ಎಲೆ ಹಾಕುತ್ತಾರೆ.