ಬೆಳ್ಳಿ ಕಾಗದ ಮೇಲ್ಮುಖವಾಗಿ

ಕಳೆದ ತಿಂಗಳು ಮಗಳ ಮನೆಯಲ್ಲಿ ಏಸಿ ರಿಪೇರಿಗೆ ಬಂದವರು ಮೇಲಿನ ಹಲಗೆ ಬಿಚ್ಚಿ, ಒಳಗಿನಿಂದ, ತಾಗಿದರೆ ಮೈ ತುರಿಸುವ ಗಾಜಿನ ನಾರಿನ ಹಳದಿ ಗ್ಲಾಸ್‌ವೂಲಿನ ಒಂದು ತುಂಡನ್ನು ಎಳೆದು ನೆಲಕ್ಕೆ ಹಾಕಿದರು. ಹಳೆಯ ಧೂಳು, ಅದರೊಳಗೆ ಸುಟ್ಟ ಸಕ್ಕರೆಯಂಥ ಒಂದು ವಾಸನೆ... ನನ್ನ ಮೊಣಕೈ ತಾನಾಗಿ ತುರಿಸತೊಡಗಿತು. "ಪಪ್ಪಾ, ನೀವು ಮುಟ್ಟಲೇ ಇಲ್ವಲ್ಲ!" ಎಂದು ಮಗಳು ನಕ್ಕಳು. ನನಗೆ ಮೇಸ್ತ್ರಿಯವರ ನೆನಪಾಗಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಒಮಾನಿನ ಅಲ್ ಮವಾಲೇಹ್‌ನಲ್ಲಿ ನಮ್ಮ ಕಂಪೆನಿ. ಮನೆಗಳ ಮಾಡಿಗೆ, ನೆಲದಡಿಗೆ ಗ್ಲಾಸ್‌ವೂಲ್ ಹೊದಿಸಿ ಬಿಸಿ ಒಳಗೆ ಬಾರದಂತೆ ಮಾಡಿ, ಕರೆಂಟಿನ ಖರ್ಚು ಇಳಿಸಿಕೊಡುವುದು ನಮ್ಮ ಕಸುಬು. ನಾನು ಆಫೀಸಿನ ಕ್ಲಾರ್ಕು. ಮೇಸ್ತ್ರಿಯವರು ಉಡುಪಿ ಕಡೆಯ ತುಳುವರು, ಕೆಲಸಗಾರರಿಗೆಲ್ಲ ಹಿರಿಯರು. ನಾನು ಕ್ರೈಸ್ತನಾದ್ದರಿಂದ, ನಮ್ಮ ಕಡೆಯ ರೂಢಿಯಂತೆ ನನ್ನನ್ನು "ಪೊರ್ಬುಗಳೇ" ಎಂದು ಕರೆಯುತ್ತಿದ್ದರು. ನಮ್ಮಿಬ್ಬರ ಮೇಲೆ ಒಬ್ಬ ಮ್ಯಾನೇಜರ್. ಅವನೂ ನಮ್ಮ ಜಿಲ್ಲೆಯವನೇ. ಯಾರನ್ನೂ ಏಕವಚನದಲ್ಲಿ ಕರೆಯಬಾರದೆಂದು ನನ್ನ ಅಜ್ಜಿ ಕಲಿಸಿದ್ದರು. ಅವನೊಬ್ಬನ ವಿಷಯದಲ್ಲಿ ಅಜ್ಜಿಯ ಮಾತು ಮೀರುತ್ತಿದ್ದೇನೆ. ಮೀರುವಾಗ ಸಂತೋಷವೂ ಆಗುತ್ತದೆ.

ಒಂದು ಬೆಳಿಗ್ಗೆ ಮೇಸ್ತ್ರಿಯವರ ಹೆಸರಿಗೆ ತಂತಿ ಬಂತು. ತಾಯಿ ತೀರಿಕೊಂಡಿದ್ದಾರೆ, ಕೂಡಲೇ ಹೊರಡು ಎಂದಿತ್ತು. ಅವರು ಹಿರಿಯ ಮಗ. ಆಗ ಅಲ್ ಅಮೇರಾತ್‌ನ ಒಂದು ದೊಡ್ಡ ಬಂಗಲೆಯ ಕೆಲಸದಲ್ಲಿದ್ದರು. ಪಾಸ್‌ಪೋರ್ಟುಗಳೆಲ್ಲ ಮ್ಯಾನೇಜರನ ಕಪಾಟಿನಲ್ಲಿದ್ದುದರಿಂದ ತಂತಿಯನ್ನು ಮೊದಲು ಅವನ ಮೇಜಿಗೆ ಒಯ್ದೆ. ಓದಿದ. ಡ್ರಾಯರಿನೊಳಗೆ ಹಾಕಿ ಬೀಗ ತಿರುಗಿಸಿದ.

"ಈ ಸೈಟ್ ಮುಗಿಯಲಿ. ಸತ್ತವರು ಎಲ್ಲಿಗೂ ಓಡಿಹೋಗುವುದಿಲ್ಲ. ನೀನು ಬಾಯಿ ಬಿಟ್ಟೀಯಾ, ಜೋಕೆ!"

ನಾನು ಬಾಯಿ ಬಿಡಲಿಲ್ಲ. ಆ ವರ್ಷ ನನ್ನ ವೀಸಾ ನವೀಕರಣವಾಗಬೇಕಿತ್ತು, ಊರಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು... ಇಂಥ ಕಾರಣಗಳಿಗೆ ಬರಗಾಲವಿಲ್ಲ.

ಹದಿನಾಲ್ಕನೆಯ ದಿನ ಸೈಟ್ ಮುಗಿಯಿತು, ತಂತಿ ಮೇಸ್ತ್ರಿಯವರ ಕೈ ಸೇರಿತು. "ಅಂಚೆಯವರದ್ದು ದೊಡ್ಡ ಉಪದ್ರ ನೋಡು," ಎಂದ ಮ್ಯಾನೇಜರ್. ಅಷ್ಟರಲ್ಲಿ ಊರಿನಲ್ಲಿ ದಹನ ಮುಗಿದು, ಹದಿಮೂರನೆಯ ದಿನದ ಬೊಜ್ಜ, ಅಂದರೆ ಉತ್ತರಕ್ರಿಯೆಯೂ ಕಳೆದು, ಬಂದ ನೆಂಟರೆಲ್ಲ ಹೊರಟುಹೋಗಿದ್ದರು. ಹಿರಿಯ ಮಗ ಮಾಡಬೇಕಾದ್ದನ್ನೆಲ್ಲ ಅವರ ತಮ್ಮ ಮಾಡಿದ್ದರು. ಮೇಸ್ತ್ರಿಯವರು ಹೋಗಿ ಎರಡು ವಾರ ಕಳೆದು ತಿರುಗಿ ಬಂದರು. ತಲೆ ಬೋಳಿಸಿದ್ದರು. ಮರುದಿನದಿಂದ ಎಂದಿನಂತೆ ನನ್ನೊಡನೆ ಚಹಾಕ್ಕೆ ಕೂತರು.

ಮ್ಯಾನೇಜರನ ವಾಸ ಸೀಬ್‌ನ ಕಡಲ ಹತ್ತಿರ, ಯಾವುದೋ ವಿದೇಶಿ ಕಂಪೆನಿ ಬಿಟ್ಟುಹೋದ ಮರದ ಮನೆಯಲ್ಲಿ. ಕಾಂಕ್ರೀಟ್ ಕಲ್ಲುಗಳ ಮೇಲೆ ಕೂರಿಸಿದ್ದ ಮನೆ. ನೆಲದಡಿಯಲ್ಲಿ ಮನುಷ್ಯ ತೆವಳುವಷ್ಟೇ ಜಾಗ. ಅಲ್ಲಿ ಬಿಸಿಗಾಳಿ ನುಗ್ಗಿ, ಏಸಿ ಎಷ್ಟು ಓಡಿಸಿದರೂ ನೆಲ ತಂಪಾಗುತ್ತಿರಲಿಲ್ಲ. ಕರೆಂಟು ಬಿಲ್ಲು ಅವನದೇ ಕಿಸೆಯಿಂದ ಹೋಗುತ್ತಿತ್ತು. ಹಾಗಾಗಿ ಸೈಟಿನಲ್ಲಿ ಉಳಿದ ಮಾಲು ತಂದು, ಶುಕ್ರವಾರದ ರಜೆಯಲ್ಲಿ ಪುಕ್ಕಟೆಯಾಗಿ ಕೆಲಸ ಮಾಡಿಕೊಡಲು ಮೇಸ್ತ್ರಿಯವರಿಗೆ ಹೇಳಿದ.

ಗ್ಲಾಸ್‌ವೂಲಿನ ಒಂದು ಬದಿಗೆ ಬೆಳ್ಳಿ ಕಾಗದ ಅಂಟಿಸಿರುತ್ತದೆ. ಅದು ಯಾವ ಕಡೆಗಿರಬೇಕೆಂದು ಮೇಸ್ತ್ರಿಯವರೇ ನನಗೊಮ್ಮೆ ತಿಳಿಸಿದ್ದರು. "ತಣ್ಣನೆ ಸೋಡಾ ಬಾಟ್ಲಿ ಹೊರಗಿಟ್ರೆ ಮೈಯೆಲ್ಲ ನೀರು ಬರ್ತದಲ್ವಾ ಪೊರ್ಬುಗಳೇ? ತಂಪು ನೆಲಕ್ಕೂ ಹಾಗೇ. ಇಲ್ಲಿಯ ಕಡಲ ಗಾಳಿಯಲ್ಲಿ ನೀರೇ ಉಂಟು. ಅದು ಒಳಗೆ ಬಾರದ ಹಾಗೆ ಬೆಳ್ಳಿ ಕಾಗದ ಮಣ್ಣಿನ ಕಡೆ ಇರ್ಬೇಕು."

ಅಂಥವರು ಆ ಶುಕ್ರವಾರ ಮ್ಯಾನೇಜರನ ಅಂಗಳದಲ್ಲಿ ಕೈಕಟ್ಟಿ ನಿಂತು, "ಸಾರ್, ಬೆಳ್ಳಿ ಕಾಗದ ಯಾವ ಕಡೆಗೆ?" ಎಂದು ಕೇಳಿದರು!

ಮ್ಯಾನೇಜರ್ ಯಾವುದೋ ಹಿಮದ ದೇಶದ ಕ್ಯಾಟಲಾಗು ತೆರೆದು ಬೆರಳಿಟ್ಟ. "ಚಿತ್ರ ಕಾಣುವುದಿಲ್ವಾ? ಮೇಲ್ಮುಖವಾಗಿ, ರೂಮಿನ ಕಡೆಗೆ. ಇಷ್ಟು ವರ್ಷ ಇದ್ರಲ್ಲೇ ಹೊರಳಾಡಿ ಇದೂ ಗೊತ್ತಿಲ್ಲ!"

"ನೀವು ಓದಿದವರು ಸಾರ್. ಒಂದು ಬರೆದು ಕೊಡಿ, ನಮಗೆ ಮರ್ತುಹೋಗ್ತದೆ."

ಮಾಲಿನ ಲೆಕ್ಕಕ್ಕೆಂದು ನನ್ನನ್ನೂ ಕರೆಸಿದ್ದ; ಅವನ ಮನೆಯ ಟೈಪ್‌ರೈಟರಿನಲ್ಲಿ ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು ನಾನೇ. ಬೆಳ್ಳಿ ಕಾಗದ ಮೇಲ್ಮುಖವಾಗಿ. ಅವನು ಗತ್ತಿನಿಂದ ಸಹಿ ಹಾಕಿದ. ಮೇಸ್ತ್ರಿಯವರು ಅದನ್ನು ನಾಲ್ಕಾಗಿ ಮಡಚಿ ಕಿಸೆಗಿಟ್ಟು, ಮುಖಕ್ಕೆ ಬೈರಾಸಿನ ಬಟ್ಟೆ ಕಟ್ಟಿ, ರಟ್ಟಿನ ತುಂಡಿನ ಮೇಲೆ ಅಂಗಾತ ಮಲಗಿ ಮನೆಯಡಿಗೆ ಜಾರಿದರು. ಒಂದು ಸಂದು ಬಿಡಲಿಲ್ಲ, ಒಂದು ಮೊಳೆ ತಪ್ಪಲಿಲ್ಲ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವರು ಬೇರೆ ಯಾರ ಮನೆಗೂ ಮಾಡಿದ್ದನ್ನು ನಾನು ಕಂಡಿಲ್ಲ.

ಚಳಿಗಾಲದಲ್ಲಿ ಬಿಲ್ಲು ಇಳಿಯಿತು. ಮ್ಯಾನೇಜರ್ ಸಿಕ್ಕಸಿಕ್ಕವರಿಗೆ ಕ್ಯಾಟಲಾಗು ತೋರಿಸಿದ. ನಾನು ಕ್ಯಾಲೆಂಡರು ನೋಡುತ್ತ ಕಾದೆ. ಜುಲೈ ಬಂತು. ಹೊರಗೆ ಗಾಳಿಯನ್ನು ಹಿಂಡಿದರೆ ನೀರು ಬರುವಂಥ ಸೆಕೆ. ಒಳಗೆ ಹಗಲೂ ರಾತ್ರಿ ಏಸಿ. ನೆಲದಡಿಯ ಗ್ಲಾಸ್‌ವೂಲ್ ನೀರು ಕುಡಿದು ಎಮ್ಮೆ ಕೆಚ್ಚಲಿನಂತೆ ಜೋತುಬಿತ್ತು. ಹಲಗೆ ಉಬ್ಬಿತು. ಕಾರ್ಪೆಟ್ಟಿಗೆ ನೆನೆದ ನಾಯಿಯ ವಾಸನೆ. ಬಿಲ್ಲು ಹಿಂದಿಗಿಂತಲೂ ಮೇಲೇರಿತು. ಅವನ ಗೋಳು ಕೇಳಿದ ದಿನಗಳಲ್ಲಿ ನನಗೆ ಊಟ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು.

ಆಗಸ್ಟಿನಲ್ಲಿ ನಮ್ಮ ಕಫೀಲ್, ಅಂದರೆ ಕಂಪೆನಿಯ ಒಮಾನಿ ಧಣಿ, ಅವನಲ್ಲಿಗೆ ಮಧ್ಯಾಹ್ನದ ಊಟಕ್ಕೆ ಬಂದರು. ಫೈಲು ಹಿಡಿದು ನಾನೂ ಹೋಗಿದ್ದೆ. ಅವರ ಕ್ರಮದಂತೆ ಕಾರ್ಪೆಟ್ಟಿನ ಮೇಲೆಯೇ ಕುಳಿತು ಬಿರಿಯಾನಿ ಮುಗಿಸಿ, "ಯಲ್ಲಾ", ಹೊರಡೋಣ, ಎಂದು ಎದ್ದರು. ಬೆಳ್ಳಗಿನ ಉದ್ದಂಗಿಯ ಹಿಂಭಾಗದಲ್ಲಿ ದೊಡ್ಡ ಒದ್ದೆ ಕಲೆ! ಕೈಯಿಂದ ತಡವಿ ನೋಡಿಕೊಂಡು ಹಿಂದಿಯಲ್ಲಿ ಕೇಳಿದರು, "ಎಲ್ಲರ ಮನೆಗೆ ಮಳೆ ಮೇಲಿಂದ ಬರುತ್ತದೆ, ನಿನ್ನ ಮನೆಗೆ ಕೆಳಗಿಂದಲಾ? ನನ್ನ ಕಂಪೆನಿ ಬೇರೆಯವರಿಗೂ ಹೀಗೇ ಮಾಡಿಕೊಡುತ್ತದಾ?"

ಮ್ಯಾನೇಜರ್ ಮೇಸ್ತ್ರಿಯವರನ್ನು ಅಲ್ಲಿಗೇ ಕರೆಸಿ ಕಿರುಚಾಡಿದ. ಅವರು ಕಿಸೆಯಿಂದ ಕಾಗದ ತೆಗೆದು, ಮಡಿಕೆ ಬಿಡಿಸಿ, ಕಫೀಲರ ಕೈಗೇ ಕೊಟ್ಟರು. "ಸಾರ್ ಅವರ ಸೈನ್ ಉಂಟು." ಕಫೀಲರು ಸಹಿಯನ್ನೊಮ್ಮೆ, ಮ್ಯಾನೇಜರನನ್ನೊಮ್ಮೆ ನೋಡಿ, "ಖಲಾಸ್" ಎಂದು ಚಪ್ಪಲಿ ಮೆಟ್ಟಿದರು. ಆ ಕ್ಷಣದ ಮ್ಯಾನೇಜರನ ಮುಖವನ್ನು ಈಗಲೂ ನೆನೆದು ಸುಖಪಡುತ್ತೇನೆ. ಸುಳ್ಳೇಕೆ ಹೇಳಲಿ?

ಮ್ಯಾನೇಜರನ ಕುರ್ಚಿ ಹೋಯಿತು. ಮೇಸ್ತ್ರಿಯವರು ತಾವಾಗಿ ಕೆಲಸ ಬಿಟ್ಟು, ಪಾಸ್‌ಪೋರ್ಟ್ ಕೇಳಿ ಪಡೆದು ಊರಿಗೆ ಹೊರಟರು. ವಿಮಾನ ನಿಲ್ದಾಣದವರೆಗೆ ವ್ಯಾನಿನಲ್ಲಿ ನಾನೂ ಜೊತೆಗಿದ್ದೆ. ದಾರಿಯಲ್ಲಿ ಹುರುಪಿನಿಂದ ಅಂದೆ, "ಏನೇ ಹೇಳಿ ಮೇಸ್ತ್ರಿಯವರೇ, ಅವನಿಗೆ ಒಳ್ಳೆ ಬುದ್ಧಿ ಕಲಿಸಿದಿರಿ."

ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. "ನಾನೆಂತ ಮಾಡಿದ್ದು ಪೊರ್ಬುಗಳೇ? ಹೇಳಿದಷ್ಟೇ ಮಾಡಿದ್ದು. ಆ ತಂತಿಗೆ ನೀವು ಮಾಡಿದ ಹಾಗೆ."

ಆಫೀಸಿಗೆ ಬಂದ ಪ್ರತಿ ಕಾಗದಕ್ಕೂ ತಾರೀಕಿನ ಮೊಹರು ಒತ್ತಿ ಪಕ್ಕದಲ್ಲಿ ಪುಟ್ಟ ಸಹಿ ಹಾಕುವುದು ನನ್ನ ಕೆಲಸವಾಗಿತ್ತು. ಕೈಗೆ ಅಭ್ಯಾಸವಾಗಿಬಿಟ್ಟಿದ್ದ ಕೆಲಸ, ತಂತಿ ಬಂದ ದಿನವೇ ಅದಕ್ಕೂ ಒತ್ತಿದ್ದೆ. ಮೇಸ್ತ್ರಿಯವರು ಅದನ್ನು ಓದಿದ ದಿನದಿಂದಲೂ ಬಲ್ಲವರಾಗಿದ್ದರು. ಅಷ್ಟು ತಿಂಗಳು ನನ್ನೊಡನೆ ಚಹಾ ಕುಡಿದಿದ್ದರು... ನಿಲ್ದಾಣ ಬಂತು. ಇಳಿದು ಪೆಟ್ಟಿಗೆ ಎತ್ತಿಕೊಂಡು ಒಳಗೆ ನಡೆದರು, ತಿರುಗಿ ನೋಡಲಿಲ್ಲ.

ಒದ್ದೆ ಉದ್ದಂಗಿಯ ಕತೆಯನ್ನು ಮದುವೆ ಮನೆಗಳಲ್ಲಿ ಎಷ್ಟೋ ಸಲ ಹೇಳಿ ಜನರನ್ನು ನಗಿಸಿದ್ದೇನೆ. ವ್ಯಾನಿನ ಮಾತಿನವರೆಗೆ ಒಮ್ಮೆಯೂ ಹೋಗಿಲ್ಲ. ಊರಿಗೆ ಮರಳಿದ ಮೇಲೆ ಅವರನ್ನು ಕಂಡು ಕ್ಷಮೆ ಕೇಳಬೇಕೆಂದುಕೊಂಡು, ಈ ಕ್ರಿಸ್ಮಸ್ಸಿಗೆ, ಮುಂದಿನ ಬೇಸಿಗೆಗೆ ಎಂದು ವರ್ಷಗಳನ್ನು ದೂಡಿದೆ. ಕೊನೆಗೊಂದು ದಿನ ಬಸ್ಸಿನಲ್ಲಿ ಸಿಕ್ಕ ಅವರ ಊರಿನವರೊಬ್ಬರು, ಮೇಸ್ತ್ರಿಯವರು ತೀರಿಹೋಗಿ ಎರಡು ತಿಂಗಳಾಯಿತಲ್ಲ, ನಿಮಗೆ ಗೊತ್ತಿಲ್ಲವೇ ಎಂದರು. ಗೊತ್ತಿರಲಿಲ್ಲ. ಆ ಸುದ್ದಿಯನ್ನು ಯಾರೂ ನನ್ನಿಂದ ಮುಚ್ಚಿಟ್ಟಿರಲಿಲ್ಲ. ನನಗೆ ತಿಳಿಸಬೇಕೆಂದು ಆ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ, ಅಷ್ಟೇ.